ಬೆಚ್ಚನೆಯ ಉಡುಪಿನ ಹಿಂದಿನ ಲೆಕ್ಕ

ಪದವಿ ಮುಗಿಸಿ ಉನ್ನತ ವ್ಯಾಸಂಗಕ್ಕೆಂದು ಕೆನಡಾ, ಅಮೆರಿಕದ ಉತ್ತರ ಭಾಗ, ಜರ್ಮನಿ ಮೊದಲಾದ ಶೀತ ಪ್ರದೇಶಗಳಿಗೆ ಹೊರಡುವ ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆ ಒಂದಿದೆ: "ಅಲ್ಲಿ ಬಹಳ ಚಳಿಯಂತೆ. ಎಷ್ಟು ಸ್ವೆಟರ್ ಕೊಂಡರೆ ಸಾಕು?" ಅಂಗಡಿಯವರು ಒಂದು ಹೇಳುತ್ತಾರೆ, ಬಂಧುಗಳು ಇನ್ನೊಂದು ಹೇಳುತ್ತಾರೆ. ಕೊನೆಗೆ ಪೆಟ್ಟಿಗೆಯ ತುಂಬ ಉಡುಪು ಸೇರುತ್ತದೆ. ಬೇಕಾದದ್ದು ಮಾತ್ರ ಇರುವುದಿಲ್ಲ.

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು. ಕೆನಡಾದ ವಿನಿಪೆಗ್ ನಗರದಲ್ಲಿ ಜನವರಿ ತಿಂಗಳ ಕನಿಷ್ಠ ಉಷ್ಣತೆಯ ಸರಾಸರಿಯೇ -21 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಗಲಿನ ಗರಿಷ್ಠ ಉಷ್ಣತೆ ಕೂಡ ಸರಾಸರಿ -11 ಡಿಗ್ರಿಯಷ್ಟೆ. ಇಂತಹ ಚಳಿಯನ್ನು ನಮ್ಮ ಡಿಸೆಂಬರ್ ಚಳಿಯ ಅನುಭವದಿಂದ ಅಂದಾಜು ಮಾಡಲಾಗದು. ಆದರೆ ಪ್ರೌಢಶಾಲೆಯಲ್ಲಿ ಕಲಿತ ಉಷ್ಣದ ಪಾಠದಿಂದ ಲೆಕ್ಕ ಹಾಕಬಹುದು. ಆ ಲೆಕ್ಕ ಹೇಗೆಂದು ಇಲ್ಲಿ ನೋಡೋಣ.

ಉಡುಪು ಶಾಖ ಕೊಡುವುದಿಲ್ಲ

"ಉಣ್ಣೆಯ ಬಟ್ಟೆ ಬಿಸಿ" ಎಂದು ನಾವು ಹೇಳುತ್ತೇವೆ. ಆದರೆ ಪೆಟ್ಟಿಗೆಯಲ್ಲಿಟ್ಟ ಸ್ವೆಟರಿನೊಳಗೆ ಉಷ್ಣತಾಮಾಪಕವನ್ನು ಇಟ್ಟು ನೋಡಿದರೆ ಅದು ಕೋಣೆಯ ಉಷ್ಣತೆಯನ್ನೇ ತೋರಿಸುತ್ತದೆ. ಶಾಖದ ಮೂಲ ನಮ್ಮ ದೇಹ. ಸುಮ್ಮನೆ ಕುಳಿತಿರುವ ವಯಸ್ಕ ವ್ಯಕ್ತಿಯ ದೇಹದಲ್ಲಿ ಆಹಾರದ ಉತ್ಕರ್ಷಣದಿಂದ ಸುಮಾರು 100 ವಾಟ್ ಶಾಖ ಉತ್ಪತ್ತಿಯಾಗುತ್ತಿರುತ್ತದೆ. ಒಂದು ಹಳೆಯ ಮಾದರಿಯ ವಿದ್ಯುತ್ ಬಲ್ಬಿನಷ್ಟು. ಈ ಶಾಖ ವಹನ, ಸಂವಹನ, ವಿಕಿರಣ ಮತ್ತು ಬೆವರಿನ ಆವೀಕರಣಗಳ ಮೂಲಕ ಹೊರಹೋಗುತ್ತದೆ. ಉಸಿರಿನೊಂದಿಗೂ ಒಂದಷ್ಟು ಹೋಗುತ್ತದೆ. ಉತ್ಪತ್ತಿಯಾದಷ್ಟೇ ಶಾಖ ಹೊರಹೋದರೆ ನಮಗೆ ಹಿತ. ಹೆಚ್ಚು ಹೋದರೆ ಚಳಿ, ಕಡಿಮೆ ಹೋದರೆ ಸೆಕೆ. ಉಡುಪಿನ ಕೆಲಸ ಈ ಹರಿವಿನ ವೇಗವನ್ನು ತಗ್ಗಿಸುವುದು ಮಾತ್ರ. ಮಂಜುಗಡ್ಡೆಯನ್ನು ಹೊಟ್ಟಿನಲ್ಲಿಟ್ಟು ಗೋಣಿಚೀಲ ಸುತ್ತಿದರೆ ಅದು ಬೇಗ ಕರಗದಿರುವುದೂ ಇದೇ ಕಾರಣದಿಂದ. ಅಲ್ಲಿ ಶಾಖ ಒಳಗೆ ಬರುವುದನ್ನು ತಡೆದಿದ್ದೇವೆ, ಇಲ್ಲಿ ಹೊರಗೆ ಹೋಗುವುದನ್ನು.

ತಡೆಯುವುದು ಬಟ್ಟೆಯೇ? ಈ ಪ್ರಶ್ನೆಯನ್ನು ಪ್ರಯೋಗದ ಮೂಲಕ ಕೇಳಿದವನು ಬೆಂಜಮಿನ್ ಥಾಮ್ಸನ್, ಅಂದರೆ ಕೌಂಟ್ ರಮ್‌ಫೋರ್ಡ್. ಬವೇರಿಯಾದ ಸೈನ್ಯದ ಸುಧಾರಣೆಯ ಹೊಣೆ ಹೊತ್ತಿದ್ದ ಆತ ಉಣ್ಣೆ, ರೇಷ್ಮೆ, ಹತ್ತಿ, ತುಪ್ಪಳ, ಪುಕ್ಕ ಮುಂತಾದವು ಶಾಖವನ್ನು ಎಷ್ಟರಮಟ್ಟಿಗೆ ತಡೆಯುತ್ತವೆ ಎಂದು ಅಳೆದು, 1792ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದ. ನಾರುಗಳ ನಡುವೆ ಸಿಕ್ಕಿಕೊಂಡು ಅಲುಗಾಡಲಾರದ ಗಾಳಿಯೇ ಶಾಖವನ್ನು ತಡೆಯುತ್ತದೆ ಎಂಬುದು ಅವನ ತೀರ್ಮಾನ. ನಿಶ್ಚಲ ಗಾಳಿಯ ಉಷ್ಣವಾಹಕತೆ ಸುಮಾರು 0.025 (ವಾಟ್/ಮೀಟರ್/ಡಿಗ್ರಿ). ನೀರಿನದು 0.6, ಅಂದರೆ ಗಾಳಿಯ 24 ಪಟ್ಟು. ಮಂಜುಗಡ್ಡೆಯದು 2.2, ಅಂದರೆ ಸುಮಾರು 90 ಪಟ್ಟು. ಈ ಮೂರು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಬೆಚ್ಚನೆಯ ಉಡುಪಿನ ಅರ್ಧ ವಿಜ್ಞಾನ ತಿಳಿದಂತೆ: ಗಾಳಿಯನ್ನು ಹಿಡಿದಿಡಬೇಕು, ನೀರನ್ನು ದೂರವಿಡಬೇಕು.

'ಕ್ಲೋ' ಎಂಬ ಅಳತೆ

ಉಡುಪಿನ ಶಾಖನಿರೋಧವನ್ನು ಅಳೆಯಲು 1941ರಲ್ಲಿ ಗ್ಯಾಗ್, ಬರ್ಟನ್ ಮತ್ತು ಬ್ಯಾಜೆಟ್ ಎಂಬ ವಿಜ್ಞಾನಿಗಳು 'ಕ್ಲೋ' ಎಂಬ ಏಕಮಾನವನ್ನು ಸೂಚಿಸಿದರು. 21 ಡಿಗ್ರಿ ಉಷ್ಣತೆಯ, ಗಾಳಿಯಾಡದ ಕೋಣೆಯಲ್ಲಿ ಸುಮ್ಮನೆ ಕುಳಿತವನನ್ನು ಹಿತವಾಗಿಡುವ ಉಡುಪಿನ ನಿರೋಧ 1 ಕ್ಲೋ. ಕೋಟು, ಪ್ಯಾಂಟು ಸೇರಿದ ಒಂದು ಸೂಟು ಸುಮಾರು ಇಷ್ಟಕ್ಕೆ ಸಮ. ಅಂತರರಾಷ್ಟ್ರೀಯ ಏಕಮಾನಗಳಲ್ಲಿ 1 ಕ್ಲೋ ಎಂದರೆ 0.155 (ಚದರ ಮೀಟರ್ × ಡಿಗ್ರಿ / ವಾಟ್).

ಈ ಅಂಕಿ ಹೇಗೆ ಬಂತು ಎಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ದೇಹದ ಮೇಲ್ಮೈ ಸುಮಾರು 1.7 ಚದರ ಮೀಟರ್. 100 ವಾಟ್ ಶಾಖವನ್ನು ಅದಕ್ಕೆ ಹಂಚಿದರೆ ಒಂದು ಚದರ ಮೀಟರಿಗೆ ಸುಮಾರು 58 ವಾಟ್. ಇದರಲ್ಲಿ ಕಾಲು ಭಾಗ ಉಸಿರು ಮತ್ತು ಚರ್ಮದ ತೇವದ ಆವೀಕರಣದಿಂದ ಹೋಗುತ್ತದೆ ಎಂದಿಟ್ಟುಕೊಂಡರೆ, ಬಟ್ಟೆಯ ಮೂಲಕ ಹಾಯಬೇಕಾದದ್ದು 44 ವಾಟ್. ಚರ್ಮದ ಸರಾಸರಿ ಉಷ್ಣತೆ 33 ಡಿಗ್ರಿ, ಕೋಣೆಯದು 21. ವ್ಯತ್ಯಾಸ 12 ಡಿಗ್ರಿ. 12ನ್ನು 44ರಿಂದ ಭಾಗಿಸಿದರೆ ಬೇಕಾದ ಒಟ್ಟು ನಿರೋಧ 0.27. ಬಟ್ಟೆಯ ಹೊರಮೈಗೆ ಅಂಟಿಕೊಂಡ ಗಾಳಿಯ ತೆಳು ಪದರವೇ 0.12ರಷ್ಟನ್ನು ಒದಗಿಸುತ್ತದೆ. ಉಳಿದ 0.15 ಉಡುಪಿನ ಪಾಲು. ಅದೇ 1 ಕ್ಲೋ.

ಉಡುಪುಗಳನ್ನು ಒಂದೊಂದಾಗಿ ಅಳೆದು ಪಟ್ಟಿ ಮಾಡಿದ್ದಾರೆ. ಕೆಲವು ಬೆಲೆಗಳು (ಕ್ಲೋಗಳಲ್ಲಿ) ಹೀಗಿವೆ:

ಉದ್ದ ತೋಳಿನ ಒಳ ಅಂಗಿ – 0.12
ಕಾಲಿನುದ್ದದ ಒಳಚಡ್ಡಿ – 0.10
ಸಾಧಾರಣ ಅಂಗಿ – 0.25
ಸಾಧಾರಣ ಪ್ಯಾಂಟು – 0.25
ದಪ್ಪ ಸ್ವೆಟರ್ – 0.35
ಟೊಪ್ಪಿಗೆಯಿರುವ ಚಳಿಯ ಕೋಟು (ಪಾರ್ಕಾ) – 0.70
ದಪ್ಪ ಕಾಲುಚೀಲ – 0.05
ಬೂಟು – 0.10
ಕೈಗವಸು – 0.05

ಇವೆಲ್ಲವನ್ನೂ ಒಟ್ಟಿಗೆ ತೊಟ್ಟರೆ ಸುಮಾರು 2 ಕ್ಲೋ ಆಗುತ್ತದೆ. ನಮ್ಮೂರಿನಲ್ಲಿ ಇಷ್ಟು ತೊಟ್ಟು ನಿಂತವನನ್ನು ನೋಡಿ ನಗುತ್ತಾರೆ. ಆದರೆ ಶೀತನಾಡಿನಲ್ಲಿ ಇದು ಎಷ್ಟಕ್ಕೆ ಸಾಕು?

ನಡೆಯುವವನಿಗೆ ಒಂದು, ನಿಂತವನಿಗೆ ಇನ್ನೊಂದು

ಮೇಲಿನ ಲೆಕ್ಕವನ್ನೇ ತಿರುಗಿಸಿ ಹಾಕೋಣ. 2 ಕ್ಲೋ ಎಂದರೆ 0.31. ಗಾಳಿ ಪದರದ 0.12 ಸೇರಿಸಿದರೆ 0.43. ಕುಳಿತವನ 44 ವಾಟ್‌ನಿಂದ ಗುಣಿಸಿದರೆ 19 ಡಿಗ್ರಿ. ಅಂದರೆ ಈ ಉಡುಪು ತೊಟ್ಟು ಅಲುಗಾಡದೆ ಕುಳಿತವನಿಗೆ ದೀರ್ಘಕಾಲ ಹಿತವೆನಿಸುವುದು ಸುಮಾರು 14 ಡಿಗ್ರಿಯವರೆಗೆ ಮಾತ್ರ!

ಅದೇ ವ್ಯಕ್ತಿ ಚುರುಕಾಗಿ ನಡೆದರೆ ದೇಹದಲ್ಲಿ ಉತ್ಪತ್ತಿಯಾಗುವ ಶಾಖ ಎರಡೂವರೆ ಪಟ್ಟು ಆಗುತ್ತದೆ. ಬಟ್ಟೆಯ ಮೂಲಕ ಹಾಯುವುದು 110 ವಾಟ್. ನಡಿಗೆಯಲ್ಲಿ ಹೊರಗಿನ ಗಾಳಿಯ ಪದರ ತೆಳುವಾಗಿ ಅದರ ನಿರೋಧ 0.04ಕ್ಕೆ ಇಳಿಯಿತು ಎಂದುಕೊಂಡರೂ, ಒಟ್ಟು 0.35ನ್ನು 110ರಿಂದ ಗುಣಿಸಿದಾಗ 38 ಡಿಗ್ರಿಗೂ ಮೀರಿದ ವ್ಯತ್ಯಾಸವನ್ನು ತಾಳಬಹುದು. ಅಂದರೆ -5 ಡಿಗ್ರಿಯವರೆಗೆ ಅವನಿಗೆ ಇದೇ ಉಡುಪು ಸಾಕು.

ವಿನಿಪೆಗ್‌ನ -20 ಡಿಗ್ರಿಯ ಬೆಳಗಿಗೆ ಬರೋಣ. ನಡೆಯುವವನಿಗೆ ಬೇಕಾಗುವುದು ಸುಮಾರು 2.8 ಕ್ಲೋ. ಬಸ್ಸಿಗಾಗಿ ನಿಂತವನಿಗೆ 7 ಕ್ಲೋ. ಬಟ್ಟೆಯ ದಪ್ಪದಲ್ಲಿ 1 ಕ್ಲೋ ಎಂದರೆ ಸುಮಾರು 6 ಮಿ.ಮೀ. ಆದ್ದರಿಂದ 7 ಕ್ಲೋ ಪಡೆಯಲು ಮೈಯೆಲ್ಲ ನಾಲ್ಕು ಸೆಂ.ಮೀ.ಗೂ ಹೆಚ್ಚು ದಪ್ಪದ ಹೊದಿಕೆ ಬೇಕು. ಹಾಸಿಗೆಚೀಲದೊಳಗೆ ಮಲಗಿದವನಿಗೆ ಇದು ಸಾಧ್ಯ, ಪುಸ್ತಕದ ಚೀಲ ಹೊತ್ತು ಓಡಾಡುವವನಿಗೆ ಅಲ್ಲ. ಇನ್ನು ತರಗತಿಯೊಳಗೆ ಬಂದರೆ ಅಲ್ಲಿನ ಕಾಯಿಸಿದ ಗಾಳಿ 21 ಡಿಗ್ರಿ. ಅಲ್ಲಿ ಬೇಕಾದದ್ದು 1 ಕ್ಲೋ.

ವಿದ್ಯಾರ್ಥಿಯ ನಿಜವಾದ ಸಮಸ್ಯೆ ಇದು. ಒಂದೇ ದಿನದಲ್ಲಿ, ಕೆಲವು ಸಲ ಒಂದೇ ಗಂಟೆಯಲ್ಲಿ, ಅವನಿಗೆ 1, 3 ಮತ್ತು 7 ಕ್ಲೋಗಳ ಅಗತ್ಯ ಬೀಳುತ್ತದೆ. ಎಷ್ಟೇ ದುಬಾರಿಯಾದರೂ ಒಂದೇ ಉಡುಪು ಈ ಮೂರಕ್ಕೂ ಹೊಂದುವುದಿಲ್ಲ. ಪರಿಹಾರ ಎರಡು: ಉಡುಪನ್ನು ಕಳಚಲು, ತೊಡಲು ಬರುವಂತೆ ಪದರಗಳಾಗಿ ವಿಂಗಡಿಸುವುದು; ಬಯಲಿನಲ್ಲಿ ಅಲುಗಾಡದೆ ನಿಲ್ಲುವ ಸಮಯವನ್ನು ಕಡಿಮೆ ಮಾಡುವುದು. ಬಸ್ಸಿನ ವೇಳೆ ನೋಡಿಕೊಂಡು ಕಟ್ಟಡದಿಂದ ಹೊರಡುವುದೂ, ನಿಂತಲ್ಲಿ ಹೆಜ್ಜೆ ಹಾಕುತ್ತಿರುವುದೂ ಕ್ಲೋ ಉಳಿಸುವ ಉಪಾಯಗಳೇ.

ಮೂರು ಪದರ, ಮೂರು ಕೆಲಸ

ಒಳಪದರದ ಕೆಲಸ ಚರ್ಮದಿಂದ ತೇವವನ್ನು ದೂರ ಸಾಗಿಸುವುದು. ಇದು ಮೈಗೆ ಅಂಟಿಕೊಂಡಂತಿರಬೇಕು. ನಮ್ಮ ಅಂಗಡಿಗಳಲ್ಲಿ 'ಥರ್ಮಲ್' ಎಂದು ಮಾರುವ ಒಳ ಉಡುಪು ಇದೇ. ಇಲ್ಲಿ ನಾರಿನ ಆಯ್ಕೆ ಮುಖ್ಯ. 20 ಡಿಗ್ರಿ ಉಷ್ಣತೆ, 65% ಸಾಪೇಕ್ಷ ಆರ್ದ್ರತೆಯಲ್ಲಿ ತನ್ನ ಒಣ ತೂಕದ ಶೇಕಡಾ ಎಷ್ಟು ತೇವವನ್ನು ನಾರು ಹೀರಿಕೊಳ್ಳುತ್ತದೆ ಎಂದು ನೋಡಿದರೆ ಉಣ್ಣೆ ಸುಮಾರು 16, ಹತ್ತಿ 8, ಪಾಲಿಯೆಸ್ಟರ್ ಕೇವಲ 0.4. ಪಾಲಿಯೆಸ್ಟರ್ ತಾನು ಹೀರದೆ ಎಳೆಗಳ ನಡುವಿನ ಲೋಮನಾಳಗಳ ಮೂಲಕ ತೇವವನ್ನು ಹೊರಕ್ಕೆ ದಾಟಿಸುತ್ತದೆ, ಬೇಗ ಒಣಗುತ್ತದೆ. ಉಣ್ಣೆ ನೀರಾವಿಯನ್ನು ನಾರಿನ ಒಳಕ್ಕೇ ಎಳೆದುಕೊಳ್ಳುತ್ತದೆ, ಹೊರಮೈ ಮಾತ್ರ ನೀರನ್ನು ಅಷ್ಟಾಗಿ ಅಂಟಿಸಿಕೊಳ್ಳುವುದಿಲ್ಲ. ಹಾಗೆ ಹೀರುವಾಗ ಒಂದಷ್ಟು ಶಾಖವೂ ಬಿಡುಗಡೆಯಾಗುತ್ತದೆ. ಹತ್ತಿಯಾದರೋ ದ್ರವರೂಪದ ಬೆವರನ್ನು ಹೀರಿ, ಮೆತ್ತಗಾಗಿ, ಮೈಗೆ ಅಂಟಿ ಕೂರುತ್ತದೆ. ಗಾಳಿಯಿದ್ದ ಜಾಗದಲ್ಲಿ ನೀರು ತುಂಬುತ್ತದೆ. ನಮ್ಮ ಬೇಸಿಗೆಗೆ ವರವಾದ ಹತ್ತಿಯ ಈ ಗುಣವೇ ಅಲ್ಲಿ ಶಾಪ. ಹತ್ತಿ ಬನಿಯನ್, ಜೀನ್ಸ್ ಇವು ಒಳಾಂಗಣಕ್ಕೆ ಮಾತ್ರ ತಕ್ಕವು.

ನಡುಪದರದ ಕೆಲಸ ಗಾಳಿಯನ್ನು ಹಿಡಿದಿಡುವುದು. ಉಣ್ಣೆಯ ಸ್ವೆಟರ್, ಪಾಲಿಯೆಸ್ಟರಿನ ತುಪ್ಪಳದಂತಹ ಬಟ್ಟೆ (ಫ್ಲೀಸ್), ಬಾತು ಅಥವಾ ಹೆಬ್ಬಾತಿನ ಮೃದುವಾದ ಒಳಪುಕ್ಕ ತುಂಬಿದ ಜಾಕೆಟ್ ಇವು ಇಲ್ಲಿ ಬರುತ್ತವೆ. ಪುಕ್ಕದ ಗುಣಮಟ್ಟವನ್ನು ಅದು ಎಷ್ಟು ಉಬ್ಬುತ್ತದೆ ಎಂಬುದರಿಂದ ಅಳೆಯುತ್ತಾರೆ. ಚೀಟಿಯ ಮೇಲೆ 600 ಎಂದಿದ್ದರೆ ಒಂದು ಔನ್ಸ್ ಪುಕ್ಕ 600 ಘನ ಅಂಗುಲ ಜಾಗ ತುಂಬುತ್ತದೆ ಎಂದರ್ಥ. ನಮ್ಮ ಲೆಕ್ಕದಲ್ಲಿ ಒಂದು ಗ್ರಾಮ್ ಪುಕ್ಕ ಸುಮಾರು 350 ಘನ ಸೆಂ.ಮೀ. ಗಾಳಿಯನ್ನು ಹಿಡಿದಿಡುತ್ತದೆ. ತೂಕಕ್ಕೆ ಹೋಲಿಸಿದರೆ ಇದನ್ನು ಮೀರಿಸುವ ವಸ್ತು ಅಪರೂಪ. ಆದರೆ ಒದ್ದೆಯಾದರೆ ಪುಕ್ಕ ಕುಸಿದು ಮುದ್ದೆಯಾಗುತ್ತದೆ. ಹಿಮಕ್ಕಿಂತ ಮಳೆಯೇ ಹೆಚ್ಚಿರುವ ಊರುಗಳಿಗೆ ಪಾಲಿಯೆಸ್ಟರ್ ನಾರು ತುಂಬಿದ ಜಾಕೆಟ್ ವಾಸಿ.

ಹೊರಪದರದ ಕೆಲಸ ಗಾಳಿ, ಹಿಮ, ಮಳೆಗಳನ್ನು ತಡೆಯುವುದು. ಪ್ಲಾಸ್ಟಿಕ್ ಹಾಳೆಯೂ ಇವನ್ನು ತಡೆಯಬಲ್ಲದು, ಆದರೆ ಒಳಗಿನ ಬೆವರನ್ನೂ ತಡೆಯುತ್ತದೆ. 1969ರಲ್ಲಿ ಬಾಬ್ ಗೋರ್ ಎಂಬಾತ ಟೆಫ್ಲಾನ್ ಎಂದು ಹೆಸರಾದ ಪಾಲಿಮರನ್ನು ಥಟ್ಟನೆ ಹಿಗ್ಗಿಸಿ ಸೂಕ್ಷ್ಮ ರಂಧ್ರಗಳ ಪೊರೆಯನ್ನು ಪಡೆದ. ನೀರಿನ ಹನಿ ಆ ರಂಧ್ರಗಳಲ್ಲಿ ನುಸುಳದು, ನೀರಾವಿಯ ಅಣುಗಳು ನುಸುಳುತ್ತವೆ. ಗೋರ್-ಟೆಕ್ಸ್ ಹೆಸರಿನ ಬಟ್ಟೆಯ ಮೂಲ ಇದು. ಒತ್ತಾಗಿ ನೇಯ್ದ ನೈಲಾನ್ ಬಟ್ಟೆ ಕೂಡ ಒಣ ಹಿಮದ ಊರುಗಳಲ್ಲಿ ಸಾಕಾಗುತ್ತದೆ.

ಬೆವರೆಂಬ ಒಳಶತ್ರು

ಚಳಿಗಾಲದಲ್ಲಿ ಬೆವರಿನ ಮಾತೇಕೆ ಎನಿಸಬಹುದು. 7 ಕ್ಲೋ ತೊಟ್ಟು ವೇಗವಾಗಿ ನಡೆದರೆ ಬೆವರು ಖಂಡಿತ. ಚರ್ಮದ ಉಷ್ಣತೆಯಲ್ಲಿ ಒಂದು ಗ್ರಾಮ್ ನೀರು ಆವಿಯಾಗಲು ಸುಮಾರು 2400 ಜೂಲ್ ಬೇಕು. ಬಟ್ಟೆಯಲ್ಲಿ 100 ಗ್ರಾಮ್ ಬೆವರು ಸೇರಿಕೊಂಡಿತು ಎನ್ನೋಣ. ಅದು ಪೂರ್ತಿ ಆರಲು 2,40,000 ಜೂಲ್ ಬೇಕು. ಕುಳಿತವನ ದೇಹ ಸೆಕೆಂಡಿಗೆ 100 ಜೂಲ್ ಒದಗಿಸುತ್ತದಾದ್ದರಿಂದ ಇದು 40 ನಿಮಿಷಗಳ ಉತ್ಪತ್ತಿಗೆ ಸಮ. ನಡಿಗೆ ನಿಂತ ಮೇಲೆ ಆ ಶಾಖವೆಲ್ಲ ಬೆವರನ್ನು ಆರಿಸಲು ಹೋದರೆ ನಡುಕ ಬರದೆ ಇದ್ದೀತೆ? ಆದ್ದರಿಂದಲೇ ಶೀತನಾಡಿನ ಜನ, ನಡೆಯಲು ಹೊರಡುವಾಗ ತುಸು ಚಳಿಯೆನಿಸುವಂತೆಯೇ ಉಡುಪು ತೊಡುತ್ತಾರೆ. ಹತ್ತು ನಿಮಿಷದಲ್ಲಿ ದೇಹವೇ ಬೆಚ್ಚಗಾಗುತ್ತದೆ. ಬೆವರುವ ಮುಂಚೆಯೇ ಕೊರಳ ಬಳಿಯ ಜಿಪ್ ಸಡಿಲಿಸುವುದು ಒಳ್ಳೆಯ ಅಭ್ಯಾಸ.

ಗಾಳಿಯ ಪೆಟ್ಟು

ಉಷ್ಣತೆಯೊಂದನ್ನೇ ನೋಡಿ ಉಡುಪು ನಿರ್ಧರಿಸುವಂತಿಲ್ಲ. ಬೀಸುವ ಗಾಳಿ ಮೈಗೆ ಅಂಟಿದ ಬೆಚ್ಚನೆಯ ಪದರವನ್ನು ಕಿತ್ತೊಯ್ಯುತ್ತದೆ. ಅಂಟಾರ್ಕ್ಟಿಕದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಇದನ್ನು ಅಳೆದು, 1945ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. 2001ರಲ್ಲಿ ಕೆನಡಾ ಮತ್ತು ಅಮೆರಿಕ ಹೊಸ ಸೂತ್ರವೊಂದನ್ನು ಬಳಕೆಗೆ ತಂದವು. ಅದರ ಪ್ರಕಾರ ಉಷ್ಣತೆ -20 ಇದ್ದು ಗಂಟೆಗೆ 10 ಕಿ.ಮೀ. ಗಾಳಿಯಿದ್ದರೆ ತೆರೆದ ಚರ್ಮಕ್ಕೆ -27ರ ಅನುಭವ; 30 ಕಿ.ಮೀ. ಗಾಳಿಯಿದ್ದರೆ -33. ಈ ಸೂಚ್ಯಂಕ -28ಕ್ಕಿಂತ ಕೆಳಗಿಳಿದರೆ ತೆರೆದ ಚರ್ಮ 10ರಿಂದ 30 ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ವಿದ್ಯಾರ್ಥಿಗಳು ಒಂದು ಸಂಗತಿ ಗಮನಿಸಬೇಕು: ಗಾಳಿ ಎಷ್ಟೇ ಬೀಸಿದರೂ ಯಾವ ವಸ್ತುವೂ ಗಾಳಿಯ ಉಷ್ಣತೆಗಿಂತ ಕೆಳಗೆ ತಣಿಯುವುದಿಲ್ಲ (ಒದ್ದೆಯಾಗಿದ್ದರೆ ಮಾತು ಬೇರೆ). ತಣಿಯುವ ವೇಗ ಮಾತ್ರ ಹೆಚ್ಚುತ್ತದೆ.

ಹೆಪ್ಪುಗಟ್ಟಿದ ಚರ್ಮ ಬಿಳಿಚಿಕೊಂಡು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತದೆ. ಅದನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಒಳಗೆ ಬಂದು ಮೈಬಿಸಿಯಷ್ಟೇ ಬಿಸಿಯಿರುವ ನೀರಿನಲ್ಲಿ ಇಟ್ಟು ವೈದ್ಯರನ್ನು ಕಾಣಬೇಕು.

ಕೈ, ಕಾಲು, ತಲೆ

ಚಳಿ ಹೆಚ್ಚಾದಾಗ ದೇಹ ತನ್ನ ಒಳಭಾಗವನ್ನು ಕಾಪಾಡಲು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸುತ್ತದೆ. ಆದ್ದರಿಂದ ಬೆರಳುಗಳಿಗೆ ಶಾಖದ ಪೂರೈಕೆಯೇ ಕಡಿಮೆ. ಮೇಲಾಗಿ ಬೆರಳು ತೆಳ್ಳನೆಯ ಸಿಲಿಂಡರ್; ಅದರ ಸುತ್ತ ಹೊದಿಕೆ ದಪ್ಪವಾದಂತೆ ಶಾಖ ಬಿಡುವ ಹೊರಮೈಯೂ ಹಿಗ್ಗುತ್ತದೆ. ಹಾಗಾಗಿ ದಪ್ಪ ಹೆಚ್ಚಿಸಿದಷ್ಟು ಲಾಭ ಸಿಗುವುದಿಲ್ಲ. ನಾಲ್ಕು ಬೆರಳುಗಳಿಗೂ ಒಂದೇ ಕೋಣೆಯಿರುವ ಗವಸಿನಲ್ಲಿ (ಮಿಟನ್) ಹೊರಮೈ ಕಡಿಮೆ, ಬೆರಳುಗಳು ಪರಸ್ಪರ ಬೆಚ್ಚಗಿಡುತ್ತವೆ. ಬೆರಳು ಬೆರಳಿಗೂ ಬೇರೆ ಮನೆಯಿರುವ ಗವಸಿಗಿಂತ ಇದು ಉತ್ತಮ.

ಕಾಲಿಗೆ ಎರಡು ಜೊತೆ ಕಾಲುಚೀಲ ತುರುಕಿ ಬಿಗಿಯಾದ ಬೂಟು ಹಾಕುವುದು ಸಾಮಾನ್ಯ ತಪ್ಪು. ಬಿಗಿಯಾದರೆ ಗಾಳಿಯ ಪದರವೂ ಹೋಯಿತು, ರಕ್ತದ ಹರಿವೂ ಕುಂದಿತು. ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿದ ಮೇಲೂ ಬೆರಳು ಆಡಿಸಲು ಜಾಗವಿರಬೇಕು. ಮಂಜುಗಡ್ಡೆ ಒಳ್ಳೆಯ ಉಷ್ಣವಾಹಕವೆಂಬುದನ್ನು ನೆನೆದರೆ ಅಟ್ಟೆ ದಪ್ಪವಿರಬೇಕೆಂಬುದು ತಾನೇ ತಿಳಿಯುತ್ತದೆ. ಜಾರದಿರಲು ಅದು ಮೃದು ರಬ್ಬರಿನದಾಗಿ ಆಳವಾದ ಗೆರೆಗಳನ್ನು ಹೊಂದಿರಬೇಕು. ಸಾಮಾನ್ಯ ರಬ್ಬರ್ ಚಳಿಯಲ್ಲಿ ಗಡುಸಾಗುತ್ತದೆ.

ದೇಹದ ಅರ್ಧದಷ್ಟು ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಪ್ರಚಲಿತವಾಗಿದೆ. ಇದು ನಿಜವಲ್ಲ. ತಲೆಯ ಮೇಲ್ಮೈ ದೇಹದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಶಾಖನಷ್ಟವೂ ಬಹುಮಟ್ಟಿಗೆ ಅದಕ್ಕೆ ತಕ್ಕಷ್ಟೇ. ಆದರೆ ಉಳಿದೆಲ್ಲವನ್ನೂ ಮುಚ್ಚಿ ತಲೆಯನ್ನು ಮಾತ್ರ ಬಿಟ್ಟರೆ ನಷ್ಟದಲ್ಲಿ ಅದರ ಪಾಲು ದೊಡ್ಡದಾಗುತ್ತದೆ. ಕಿವಿ, ಮೂಗುಗಳಂತೂ ಬೇಗ ಹೆಪ್ಪುಗಟ್ಟುವ ಭಾಗಗಳು. ಕಿವಿ ಮುಚ್ಚುವ ಟೋಪಿ ಕಡ್ಡಾಯ. ಹಾಗೆಯೇ ಮೇಲುಭಾಗಕ್ಕೆ ನಾಲ್ಕು ಪದರ ತೊಟ್ಟು ತೊಡೆ, ಮೊಣಕಾಲುಗಳಿಗೆ ಒಂದೇ ಚೂಡಿದಾರ್ ಅಥವಾ ಜೀನ್ಸ್ ಹಾಕುವುದೂ ಲೆಕ್ಕ ತಪ್ಪಿದ ಉಡುಪೇ.

ನಮ್ಮ ಕಂಬಳಿಯ ಪಾಠ

ಒದ್ದೆಯಾದರೂ ಉಣ್ಣೆ ಬೆಚ್ಚಗಿರುತ್ತದೆ ಎಂಬುದು ನಮ್ಮ ರೈತರಿಗೆ ಹೊಸದಲ್ಲ. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗದ್ದೆಯ ಕೆಲಸ ಮಾಡುತ್ತಿದ್ದವರು ಈ ಗುಣವನ್ನೇ ಬಳಸಿಕೊಂಡಿದ್ದರು. ಉಣ್ಣೆಯ ಎಳೆ ಸುರುಳಿಯಾಗಿದ್ದು ಸ್ಪ್ರಿಂಗಿನಂತೆ ಪುಟಿಯುತ್ತದೆ; ಒದ್ದೆಯಾದರೂ ಗಾಳಿಯ ಜಾಗವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಚಿತ್ರದುರ್ಗ ಸೀಮೆಯ ಕಂಬಳಿಗೆ ಬಳಸುವ ಡೆಕ್ಕನಿ ಕುರಿಯ ಉಣ್ಣೆ ಒರಟು. 30 ಮೈಕ್ರಾನ್‌ಗಿಂತ ದಪ್ಪದ ಎಳೆಯ ತುದಿ ಚರ್ಮವನ್ನು ಚುಚ್ಚುತ್ತದೆ. ಮೆರಿನೊ ಕುರಿಯ ನಯವಾದ ಎಳೆ ಅದಕ್ಕಿಂತ ಸಾಕಷ್ಟು ತೆಳು, ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ಕಡಿಮೆ. ಆದ್ದರಿಂದಲೇ ಮೆರಿನೊ ಒಳಪದರಕ್ಕೆ, ಒರಟು ಉಣ್ಣೆ ಹೊದಿಕೆಗೆ.

ಕೊಳ್ಳುವಾಗ

ಕೈಯಲ್ಲಿ ಹಣ ಮಿತವಾಗಿರುವ ವಿದ್ಯಾರ್ಥಿ ಏನನ್ನು ಎಲ್ಲಿ ಕೊಳ್ಳಬೇಕು? ಒಳಪದರದ ಎರಡು ಜೊತೆ, ಉಣ್ಣೆಯ ಕಾಲುಚೀಲ, ಒಂದು ಸ್ವೆಟರ್ ಇವನ್ನು ಇಲ್ಲಿಂದಲೇ ಒಯ್ಯಬಹುದು. ಹೊರಕೋಟು, ಬೂಟು, ಗವಸುಗಳನ್ನು ಅಲ್ಲಿಯೇ ಕೊಳ್ಳುವುದು ಲೇಸು. ನಮ್ಮ ಅಂಗಡಿಯ ಜಾಕೆಟ್ 10–15 ಡಿಗ್ರಿಯ ಚಳಿಯನ್ನು ಮನಸ್ಸಿನಲ್ಲಿಟ್ಟು ಹೊಲಿದದ್ದು. ವಿಮಾನದಲ್ಲಿ ಅದರ ತೂಕವೂ ಲೆಕ್ಕಕ್ಕೆ ಬರುತ್ತದೆ. ಸೆಪ್ಟೆಂಬರಿನಲ್ಲಿ ತರಗತಿ ಆರಂಭವಾದರೆ ಕಡುಚಳಿಗೆ ಮುನ್ನ ಕೆಲವು ವಾರಗಳ ಸಮಯ ಸಿಗುತ್ತದೆ. ಬಳಸಿದ ಉಡುಪು ಮಾರುವ ಅಂಗಡಿಗಳು ಅಲ್ಲಿ ಸಾಮಾನ್ಯ.

ಕೋಟು ಸೊಂಟಕ್ಕಿಂತ ಕೆಳಗೆ ಇಳಿಯಬೇಕು, ಟೊಪ್ಪಿಗೆ ಇರಬೇಕು, ಜಿಪ್ಪಿನ ಮೇಲೆ ಮುಚ್ಚುಪಟ್ಟಿ ಇರಬೇಕು, ತೋಳಿನ ತುದಿ ಬಿಗಿಯಬೇಕು. ಸ್ವೆಟರ್ ತೊಟ್ಟೇ ಅಳತೆ ನೋಡಬೇಕು. ಬಿಗಿಯಾದರೆ ಒಳಗಿನ ಸ್ವೆಟರ್ ಒತ್ತಿಹೋಗಿ ಅದರ ಕ್ಲೋ ನಷ್ಟವಾಗುತ್ತದೆ. ಚೀಟಿಯ ಮೇಲೆ "-20ರವರೆಗೆ" ಎಂದಿದ್ದರೆ, ನಡೆಯುವವನಿಗೋ ನಿಂತವನಿಗೋ ಎಂಬ ಪ್ರಶ್ನೆ ಕೇಳಿಕೊಳ್ಳಿ. ಉತ್ತರಗಳ ಅಂತರ ಎಷ್ಟೆಂದು ಮೇಲೆ ನೋಡಿದ್ದೇವೆ.

ತರಗತಿಯಲ್ಲಿ ಒಂದು ಪ್ರಯೋಗ

ಒಂದೇ ಅಳತೆಯ ನಾಲ್ಕು ತಗಡಿನ ಡಬ್ಬಿಗಳಲ್ಲಿ 60 ಡಿಗ್ರಿಯ ನೀರನ್ನು ಸಮನಾಗಿ ತುಂಬಿ, ಮುಚ್ಚಳದ ತೂತಿನಲ್ಲಿ ಉಷ್ಣತಾಮಾಪಕ ಇಡಿ. ಮೊದಲನೆಯದು ಬರಿದಾಗಿರಲಿ. ಎರಡನೆಯದಕ್ಕೆ ಒಣ ಹತ್ತಿಬಟ್ಟೆ, ಮೂರನೆಯದಕ್ಕೆ ಅದೇ ಬಟ್ಟೆಯನ್ನು ಒದ್ದೆ ಮಾಡಿ, ನಾಲ್ಕನೆಯದಕ್ಕೆ ಹಳೆಯ ಸ್ವೆಟರಿನ ತುಂಡನ್ನು ಸಡಿಲವಾಗಿ ಸುತ್ತಿ. ಐದು ನಿಮಿಷಕ್ಕೊಮ್ಮೆ ಉಷ್ಣತೆ ಬರೆದು ನಕ್ಷೆ ಎಳೆಯಿರಿ. ಒದ್ದೆ ಬಟ್ಟೆಯ ಡಬ್ಬಿ ಬರಿಯ ಡಬ್ಬಿಗಿಂತಲೂ ಬೇಗ ತಣಿಯುವುದನ್ನು ಮಕ್ಕಳು ಕಾಣುತ್ತಾರೆ. ಆಮೇಲೆ ಫ್ಯಾನಿನ ಮುಂದೆ ಇದನ್ನೇ ಪುನರಾವರ್ತಿಸಿ. ಒಮ್ಮೆ ಸ್ವೆಟರಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಇನ್ನೊಮ್ಮೆ ಸುತ್ತದೆ. ಹೊರಪದರದ ಬೆಲೆ ಆಗ ಗೊತ್ತಾಗುತ್ತದೆ.

ಮರಗಟ್ಟಿದ ಬೆರಳು, ವ್ಯರ್ಥವಾದ ಹಣ ಎರಡನ್ನೂ ತಪ್ಪಿಸಲು ಬೇಕಾದದ್ದು ಒಂದು ಸರಳ ಭಾಗಾಕಾರ ಮತ್ತು ಮೂರು ಸೂತ್ರಗಳು: ಗಾಳಿಯನ್ನು ಹಿಡಿ, ಬೀಸುಗಾಳಿಯನ್ನು ತಡೆ, ಒದ್ದೆಯಾಗದಿರು. ಉಡುಪಿನ ಬೆಲೆಗಿಂತ ಅದರೊಳಗೆ ನಿಂತ ಗಾಳಿಯ ದಪ್ಪ ಮುಖ್ಯ. ಆ ಗಾಳಿಗೆ ಯಾರೂ ಬೆಲೆ ಕಟ್ಟುವುದಿಲ್ಲ.